ವಿಷಯದಿಂದ ಪ್ರಶ್ನೆಗೆ: ಬಹರೈನಿನಲ್ಲೊಂದು ಸಂಶೋಧನಾ ಪ್ರಸ್ತಾವನೆ

ಸ್ನಾತಕೋತ್ತರ ಪದವಿಗೋ ಪಿಎಚ್‌.ಡಿ.ಗೋ ಸಂಶೋಧನೆ ಕೈಗೊಳ್ಳುವ ವಿದ್ಯಾರ್ಥಿ ಮೊದಲು ಬರೆದು ಒಪ್ಪಿಸಬೇಕಾದ ಬರಹವೇ ಸಂಶೋಧನಾ ಪ್ರಸ್ತಾವನೆ. ಏನನ್ನು ಹುಡುಕಬೇಕು, ಅದನ್ನು ಈಗಾಗಲೇ ಯಾರು ಎಷ್ಟರಮಟ್ಟಿಗೆ ಹುಡುಕಿದ್ದಾರೆ, ಉಳಿದದ್ದನ್ನು ಯಾವ ವಿಧಾನದಿಂದ, ಎಷ್ಟು ಕಾಲದಲ್ಲಿ, ಯಾರ ಒಪ್ಪಿಗೆಯಿಂದ ಹುಡುಕಲಾಗುವುದು ಎಂಬುದನ್ನು ಅದು ಹೇಳಬೇಕು. ಕರ್ನಾಟಕದ ಕ್ಯಾಂಪಸ್ಸುಗಳಲ್ಲಿ ಇದಕ್ಕೆ ‘ಸಿನಾಪ್ಸಿಸ್’ ಎಂಬ ಹೆಸರೇ ಬಳಕೆಯಲ್ಲಿದೆ. ಕೊಲ್ಲಿ ನಾಡಿನ ವಿಶ್ವವಿದ್ಯಾಲಯಗಳಲ್ಲಿ ‘ಪ್ರಪೋಸಲ್’ ಎನ್ನುತ್ತಾರೆ. ಹೆಸರು ಯಾವುದಾದರೂ ಅದನ್ನು ಓದುವ ಸಮಿತಿ ಕೇಳುವುದು ಒಂದೇ ಮಾತು: ಈ ಪ್ರಶ್ನೆಗೆ, ಈ ವಿದ್ಯಾರ್ಥಿ, ಇಷ್ಟು ಸಮಯದಲ್ಲಿ ಉತ್ತರ ಹುಡುಕಬಲ್ಲರೇ?

ಬಹರೈನಿನಲ್ಲಿ ಈ ಮಾತಿಗೆ ಇನ್ನಷ್ಟು ತೂಕವಿದೆ. ಪುಟ್ಟ ದ್ವೀಪರಾಷ್ಟ್ರವಾದರೂ ಉನ್ನತ ಶಿಕ್ಷಣಕ್ಕೆ ಇಲ್ಲಿ ಕೊರತೆಯಿಲ್ಲ. ಕೊಲ್ಲಿ ರಾಷ್ಟ್ರಗಳು ಕೂಡಿ ಕಟ್ಟಿದ ಅರೇಬಿಯನ್ ಗಲ್ಫ್ ವಿಶ್ವವಿದ್ಯಾಲಯ 1980ರದು. ಸಾಖೀರಿನಲ್ಲಿ ಮುಖ್ಯ ಆವರಣವಿರುವ ಬಹರೈನ್ ವಿಶ್ವವಿದ್ಯಾಲಯ ರೂಪುಗೊಂಡದ್ದು 1986ರಲ್ಲಿ. ಖಾಸಗಿ ವಲಯದ ಅಹ್ಲಿಯಾ ವಿಶ್ವವಿದ್ಯಾಲಯ 2001ರಲ್ಲಿ, ಐರ್ಲೆಂಡಿನ ರಾಯಲ್ ಕಾಲೇಜ್ ಆಫ್ ಸರ್ಜನ್ಸ್‌ನ ಬಹರೈನ್ ವೈದ್ಯಕೀಯ ವಿಶ್ವವಿದ್ಯಾಲಯ 2004ರಲ್ಲಿ ಆರಂಭವಾದವು. ದೇಶದ ಹತ್ತು ಮಜಲುಗಳ ರಾಷ್ಟ್ರೀಯ ಅರ್ಹತಾ ಚೌಕಟ್ಟಿನಲ್ಲಿ ಸ್ನಾತಕೋತ್ತರ ಪದವಿ ಒಂಬತ್ತನೆಯದು, ಡಾಕ್ಟರೇಟ್ ಹತ್ತನೆಯದು. ಇಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಕರಾವಳಿಯವರೇ ಹೆಚ್ಚು. ಅವರಲ್ಲಿ ಓದು ಮುಂದುವರಿಸುವವರ ಪೈಕಿ ಬಹುಪಾಲು ಮಂದಿ ಹಗಲು ಕಚೇರಿಯಲ್ಲೋ ಆಸ್ಪತ್ರೆಯಲ್ಲೋ ಶಾಲೆಯಲ್ಲೋ ದುಡಿಯುವವರು. ಆದ್ದರಿಂದ ಪ್ರಸ್ತಾವನೆಯ ಪ್ರತಿ ಪುಟಕ್ಕೂ ಹಾಸಿಗೆ ಇದ್ದಷ್ಟು ಕಾಲು ಚಾಚುವ ವಿವೇಕ ಬೇಕಾಗುತ್ತದೆ.

ಗೋರಿಗುಡ್ಡಗಳು ಕಲಿಸುವ ಪಾಠ

ಒಳ್ಳೆಯ ಸಂಶೋಧನಾ ಪ್ರಶ್ನೆ ಹೇಗಿರುತ್ತದೆ ಎನ್ನುವುದಕ್ಕೆ ಬಹರೈನಿನ ನೆಲದಲ್ಲೇ ಒಂದು ಉದಾಹರಣೆಯಿದೆ. ದ್ವೀಪದ ಪಶ್ಚಿಮ ಭಾಗದಲ್ಲಿ ಕ್ರಿ.ಪೂ. 2200ರಿಂದ 1750ರ ನಡುವೆ ಕಟ್ಟಿದ ದಿಲ್ಮುನ್ ಕಾಲದ ಗೋರಿಗುಡ್ಡಗಳಿವೆ. 2019ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ 21 ತಾಣಗಳಲ್ಲೇ ಇಂಥ 11,774 ಗುಡ್ಡಗಳನ್ನು ಎಣಿಸಲಾಗಿದೆ. ಹತ್ತೊಂಬತ್ತನೇ ಶತಮಾನದಿಂದಲೂ ಹಲವರು ಅವನ್ನು ಅಗೆದರು. 1925ರಲ್ಲಿ ಆಲಿ ಗ್ರಾಮದ ಸುತ್ತ ಅಗೆದ ಅರ್ನೆಸ್ಟ್ ಮೆಕೇ, ಮುಂದೆ ಮೊಹೆಂಜೊದಾರೊದಲ್ಲಿ ಹೆಸರು ಮಾಡಿದವರು. ಇಷ್ಟೊಂದು ಗೋರಿಗಳಿದ್ದರೂ ಊರಿನ ಕುರುಹು ಕಾಣದ್ದರಿಂದ, ಆಚೆ ದಡದವರು ಹೆಣ ಹೂಳಲು ಬರುತ್ತಿದ್ದ ಸ್ಮಶಾನದ್ವೀಪ ಇದು ಎಂಬ ತೀರ್ಮಾನಕ್ಕೆ ಅವರು ಬಂದರು.

1940–41ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಸಂಶೋಧನಾ ವಿದ್ಯಾರ್ಥಿ ಪೀಟರ್ ಕಾರ್ನ್‌ವಾಲ್ ಅದೇ ಗುಡ್ಡಗಳ ಬಳಿಗೆ ಬೇರೆ ಪ್ರಶ್ನೆ ಹಿಡಿದು ಬಂದರು. ಮೆಸಪೊಟೇಮಿಯಾದ ಜೇಡಿಮಣ್ಣಿನ ಫಲಕಗಳಲ್ಲಿ ಬರುವ ದಿಲ್ಮುನ್ ಎಂಬ ನಾಡು ಎಲ್ಲಿತ್ತು? ಅಗೆತದಲ್ಲಿ ಸಿಕ್ಕ ವಸ್ತುಗಳನ್ನೂ ಹಳೆಯ ಬರಹಗಳನ್ನೂ ಜೋಡಿಸಿ, ಅದು ಬಹರೈನನ್ನು ಒಳಗೊಂಡಿತ್ತು ಎಂದು ಅವರು ವಾದಿಸಿದರು. 1944ರಲ್ಲಿ ಪಿಎಚ್‌.ಡಿ. ಪಡೆದ ಅವರು 1946ರಲ್ಲಿ ದಿಲ್ಮುನ್‌ನ ನೆಲೆಯ ಬಗ್ಗೆ ಲೇಖನ ಪ್ರಕಟಿಸಿದರು.

ಮೆಕೇ ಬಿಟ್ಟುಹೋಗಿದ್ದ ತೆರವು ಮಾತ್ರ ಹಾಗೆಯೇ ಉಳಿದಿತ್ತು. 1940ರ ದಶಕದ ಕೊನೆಯಲ್ಲಿ ತೈಲ ಕಂಪನಿಯ ನೌಕರನಾಗಿ ದ್ವೀಪದಲ್ಲಿದ್ದ ಜೆಫ್ರಿ ಬಿಬಿ ಈ ಗುಡ್ಡಗಳನ್ನು ಕಂಡಿದ್ದರು. ಡೆನ್ಮಾರ್ಕಿಗೆ ಹೋದ ಮೇಲೆ ಅವರೂ ಪುರಾತತ್ವಜ್ಞ ಪಿ.ವಿ. ಗ್ಲೋಬ್ ಅವರೂ ಸೇರಿ ಹೊರಡಿಸಿದ ತಂಡ 1953ರ ಕೊನೆಗೆ ಬಹರೈನಿಗೆ ಬಂತು. ಅವರ ಪ್ರಶ್ನೆ ಸರಳವಾಗಿತ್ತು: ಈ ಗೋರಿಗಳಲ್ಲಿ ಮಲಗಿರುವವರು ಬದುಕಿದ್ದಾಗ ಎಲ್ಲಿ ವಾಸಿಸುತ್ತಿದ್ದರು? ಅದಕ್ಕಾಗಿ ಗೋರಿಗಳನ್ನು ಬಿಟ್ಟು ಊರು ಇರಬಹುದಾದ ಜಾಗಗಳನ್ನು ಹುಡುಕಿದರು. ಬಾರ್‌ಬಾರಿನಲ್ಲಿ ದೇವಾಲಯ ಸಿಕ್ಕಿತು. ಉತ್ತರದ ಕಡಲತಡಿಯ ಕೋಟೆದಿಬ್ಬದ ಕೆಳಗೆ ಪದರ ಪದರವಾಗಿ ಪಟ್ಟಣಗಳು ಸಿಕ್ಕವು. ಆ ದಿಬ್ಬವೇ ಇಂದು ‘ಕಲಾತ್ ಅಲ್-ಬಹರೈನ್’ ಎಂಬ ವಿಶ್ವ ಪರಂಪರೆಯ ತಾಣ.

ಈ ಮೂರೂ ಶೋಧಗಳ ಮುಂದೆ ಇದ್ದದ್ದು ಒಂದೇ ವಿಷಯ, ಬಹರೈನಿನ ಗೋರಿಗುಡ್ಡಗಳು. ಪ್ರಶ್ನೆ ಬದಲಾದಂತೆ ಅಗೆಯುವ ಜಾಗ ಬದಲಾಯಿತು, ನೋಡಬೇಕಾದ ಆಕರ ಬದಲಾಯಿತು, ಉತ್ತರವೂ ಬದಲಾಯಿತು. ಪ್ರಸ್ತಾವನೆ ಬರೆಯುವವರು ಮೊದಲು ದಾಟಬೇಕಾದದ್ದು ವಿಷಯಕ್ಕೂ ಪ್ರಶ್ನೆಗೂ ನಡುವಿನ ಈ ಅಂತರವನ್ನೇ.

ಪ್ರಶ್ನೆಯನ್ನು ಸೋಸುವ ಬಗೆ

‘ಬಹರೈನಿನ ಕನ್ನಡಿಗರು: ಒಂದು ಅಧ್ಯಯನ’. ಇಂಥ ಶೀರ್ಷಿಕೆ ಹೊತ್ತ ಪ್ರಸ್ತಾವನೆ ಸಮಿತಿಯ ಮೇಜಿನಿಂದ ಹಿಂದಿರುಗುವುದು ಬಹುಮಟ್ಟಿಗೆ ಖಚಿತ. ಅದರಲ್ಲಿ ಇತಿಹಾಸವಿದೆ, ವಲಸೆಯಿದೆ, ದುಡಿಮೆಯಿದೆ, ಸಂಘಟನೆಯಿದೆ, ಭಾಷೆಯಿದೆ. ಪ್ರಶ್ನೆ ಮಾತ್ರ ಇಲ್ಲ. ಇದನ್ನು ಮೂರು ಬಾರಿ ಸೋಸಿದರೆ ಏನಾಗುತ್ತದೆ ಎಂದು ನೋಡಬಹುದು.

ಮೊದಲ ಸೋಸುವಿಕೆಯಲ್ಲಿ ಒಂದು ಮುಖವನ್ನಷ್ಟೇ ಉಳಿಸಿಕೊಳ್ಳಬೇಕು. ಭಾಷೆಯನ್ನು ಉಳಿಸಿಕೊಂಡರೆ ‘ಬಹರೈನಿನ ಕನ್ನಡಿಗರ ಭಾಷಾ ಬಳಕೆ’ ಎಂದಾಗುತ್ತದೆ. ಇನ್ನೂ ಅಗಲವೇ. ಎರಡನೆಯದರಲ್ಲಿ ಯಾರು, ಎಲ್ಲಿ ಎಂಬುದನ್ನು ಗೊತ್ತುಪಡಿಸಬೇಕು: ಮನೆಯಲ್ಲಿ ತುಳು ಅಥವಾ ಕನ್ನಡ ಆಡುವ ಕುಟುಂಬಗಳ, ಬಹರೈನಿನ ಭಾರತೀಯ ಶಾಲೆಗಳಲ್ಲಿ ಓದುತ್ತಿರುವ, 10ರಿಂದ 15 ವಯಸ್ಸಿನ ಮಕ್ಕಳು. ಮೂರನೆಯದರಲ್ಲಿ ಪ್ರಶ್ನೆಯನ್ನೇ ಇಡಬೇಕು: ಈ ಮಕ್ಕಳು ಅಜ್ಜಿಯೊಡನೆ ಫೋನಿನಲ್ಲಿ, ಅಣ್ಣ–ತಂಗಿಯೊಡನೆ ಕೋಣೆಯಲ್ಲಿ, ಗೆಳೆಯರೊಡನೆ ಶಾಲಾ ಬಸ್ಸಿನಲ್ಲಿ, ಸಂಘದ ಕಾರ್ಯಕ್ರಮದಲ್ಲಿ ಯಾವ ಭಾಷೆಯನ್ನು ಆರಿಸಿಕೊಳ್ಳುತ್ತಾರೆ, ತಂದೆ–ತಾಯಿಯ ಬಳಕೆಗೂ ಆ ಆಯ್ಕೆಗೂ ಏನು ಸಂಬಂಧ?

ಈಗ ಉತ್ತರ ಹುಡುಕಲು ಸಾಧ್ಯವಿರುವ ಪ್ರಶ್ನೆ ಹುಟ್ಟಿತು. ಉದ್ದೇಶಗಳು ಇದರಿಂದಲೇ ಇಳಿದು ಬರಬೇಕು. ಮೂರು ಅಥವಾ ನಾಲ್ಕು ಸಾಕು. ಗುರುತಿಸುವುದು, ಹೋಲಿಸುವುದು, ವಿವರಿಸುವುದು ಎಂಬಂಥ ಮಾಡಿ ತೋರಿಸಬಹುದಾದ ಕ್ರಿಯೆಗಳಲ್ಲಿ ಅವು ಮುಗಿಯಬೇಕು. ‘ಜಾಗೃತಿ ಮೂಡಿಸುವುದು’, ‘ಭಾಷೆಯನ್ನು ಉಳಿಸುವುದು’ ಸಂಘದ ವೇದಿಕೆಗೆ ಸಲ್ಲುವ ಆಶಯಗಳು, ಸಂಶೋಧನೆಯ ಉದ್ದೇಶಗಳಲ್ಲ. ಅಳೆಯುವ ಬಗೆಯ ಅಧ್ಯಯನವಾದರೆ ಪ್ರಾಕ್ಕಲ್ಪನೆಯೂ ಬೇಕು. ಉದಾಹರಣೆಗೆ, ಅಜ್ಜ–ಅಜ್ಜಿಯೊಡನೆ ವಾರಕ್ಕೊಮ್ಮೆಯಾದರೂ ಮಾತಾಡುವ ಮಕ್ಕಳು ಮನೆಮಾತನ್ನು ಹೆಚ್ಚು ಸಂದರ್ಭಗಳಲ್ಲಿ ಬಳಸುತ್ತಾರೆ ಎಂಬುದು ಒಂದು ಪ್ರಾಕ್ಕಲ್ಪನೆ. ಅದು ಸುಳ್ಳಾಗುವ ಅವಕಾಶ ಇರಲೇಬೇಕು. ಸುಳ್ಳಾಗಲಾರದ ಮಾತನ್ನು ಪರೀಕ್ಷೆಗೆ ಒಡ್ಡುವುದರಲ್ಲಿ ಅರ್ಥವಿಲ್ಲ.

ಹಿಂದಿನವರು ಎಲ್ಲಿಯವರೆಗೆ ಬಂದಿದ್ದಾರೆ

ಪೂರ್ವಾಧ್ಯಯನ ಸಮೀಕ್ಷೆ ಪ್ರಸ್ತಾವನೆಯ ಎರಡನೇ ಕಂಬ. ಓದಿದ ಪುಸ್ತಕಗಳ ಸಾರಾಂಶವನ್ನು ಒಂದರ ಕೆಳಗೊಂದು ಪೇರಿಸಿದರೆ ಅದು ಸಮೀಕ್ಷೆಯಾಗದು. ಹಿಂದಿನವರು ಯಾವ ಪ್ರಶ್ನೆಗೆ ಉತ್ತರಿಸಿದ್ದಾರೆ, ಯಾವುದನ್ನು ಮುಟ್ಟಿಲ್ಲ ಎಂದು ತೋರಿಸಿ, ಹೊಸ ಅಧ್ಯಯನಕ್ಕೆ ಜಾಗ ಎಲ್ಲಿದೆ ಎಂದು ಬೊಟ್ಟುಮಾಡುವುದು ಅದರ ಕೆಲಸ.

ಮೇಲಿನ ಉದಾಹರಣೆಯನ್ನೇ ಮುಂದುವರಿಸಿದರೆ, ಮೊದಲ ಸಾಲಿನಲ್ಲಿ ನಿಲ್ಲುವ ಕೃತಿಗಳು ನಾಲ್ಕು. ಯಾರು ಯಾರೊಡನೆ ಯಾವಾಗ ಯಾವ ಭಾಷೆ ಆಡುತ್ತಾರೆ ಎಂಬ ಪ್ರಶ್ನೆಯನ್ನು 1965ರಲ್ಲಿ ಶೀರ್ಷಿಕೆಯಲ್ಲೇ ಇಟ್ಟು ಲೇಖನ ಬರೆದವರು ಜೋಶುವಾ ಫಿಶ್‌ಮನ್. ಮನೆ, ಶಾಲೆ, ಗೆಳೆತನ, ಪ್ರಾರ್ಥನೆ ಎಂದು ಬಳಕೆಯ ವಲಯಗಳನ್ನು ವಿಂಗಡಿಸುವ ಚೌಕಟ್ಟು ಅಲ್ಲಿಂದ ದೊರೆಯುತ್ತದೆ. ಬಹರೈನಿನ ಸುನ್ನಿ ಅರಬರ ಮತ್ತು ಶಿಯಾ ಬಹಾರ್ನಾ ಜನರ ಆಡುನುಡಿಗಳು ಆಧುನಿಕತೆಯ ಒತ್ತಡದಲ್ಲಿ ಹೇಗೆ ಬದಲಾದವು ಎಂದು ಕ್ಲೈವ್ ಹೋಲ್ಸ್ 1987ರ ಪುಸ್ತಕದಲ್ಲಿ ವಿವರಿಸಿದ್ದಾರೆ. ಇದೇ ಊರಿನ ಭಾಷಾ ಬದಲಾವಣೆಯ ಮಾದರಿ ಅದು, ಆದರೆ ಅರಬ್ಬಿಗೆ ಸೀಮಿತ. ಜೇಮ್ಸ್ ಆನ್ಲೆ 2007ರ ಕೃತಿಯಲ್ಲಿ ಹತ್ತೊಂಬತ್ತನೇ ಶತಮಾನದ ಕೊಲ್ಲಿಯಲ್ಲಿ ಬ್ರಿಟಿಷ್ ಇಂಡಿಯಾದ ಆಡಳಿತ ನಡೆದ ಬಗೆಯನ್ನು ಶೋಧಿಸಿದ್ದಾರೆ. ಆಂಡ್ರ್ಯೂ ಗಾರ್ಡ್‌ನರ್ ಅವರ 2010ರ ‘ಸಿಟಿ ಆಫ್ ಸ್ಟ್ರೇಂಜರ್ಸ್’ ನೇರವಾಗಿ ಬಹರೈನಿನ ಭಾರತೀಯ ಸಮುದಾಯವನ್ನೇ ಕುರಿತದ್ದು. ಅದರ ಕಣ್ಣಿರುವುದು ವಲಸೆ ಮತ್ತು ಪ್ರಾಯೋಜಕತ್ವ ವ್ಯವಸ್ಥೆಯ ಮೇಲೆ. ನಾಲ್ಕನ್ನೂ ಹೀಗೆ ಪಕ್ಕಪಕ್ಕ ಇಟ್ಟಾಗ, ಭಾರತೀಯ ಮಕ್ಕಳ ಮನೆಮಾತು ಇವುಗಳ ನಡುವಿನ ತೆರವಿನಲ್ಲಿ ಕಾಣಿಸುತ್ತದೆ.

ಆದರೆ ‘ಈ ವಿಷಯದಲ್ಲಿ ಯಾರೂ ಕೆಲಸ ಮಾಡಿಲ್ಲ’ ಎಂದು ಬರೆಯುವ ಮುನ್ನ ಹುಡುಕಾಟ ಮುಗಿದಿರಬೇಕು. ಭಾರತದ ಪಿಎಚ್‌.ಡಿ. ಪ್ರಬಂಧಗಳಿಗೆ ಇನ್‌ಫ್ಲಿಬ್‌ನೆಟ್ ನಡೆಸುವ ‘ಶೋಧಗಂಗಾ’ ಭಂಡಾರವಿದೆ. ಒಪ್ಪಿಗೆ ಪಡೆದ ಸಿನಾಪ್ಸಿಸ್‌ಗಳಿಗೆ ‘ಶೋಧಗಂಗೋತ್ರಿ’ ಇದೆ. ಯಾವ ಭಂಡಾರದಲ್ಲಿ, ಯಾವ ಪದಗಳನ್ನು ಕೊಟ್ಟು, ಯಾವ ವರ್ಷದವರೆಗೆ ಹುಡುಕಲಾಯಿತು ಎಂದು ಬರೆದಿಟ್ಟುಕೊಂಡವರಿಗೆ ಸಮಿತಿಯ ಮುಂದೆ ಅದೇ ರಕ್ಷೆ.

ಇತಿಹಾಸದ ವಿದ್ಯಾರ್ಥಿಗೆ ಬಹರೈನ್ ಇನ್ನೊಂದು ಬಾಗಿಲು ತೆರೆಯುತ್ತದೆ. ಇಲ್ಲಿನ ಬ್ರಿಟಿಷ್ ಪೊಲಿಟಿಕಲ್ ಏಜೆನ್ಸಿ 1947ರವರೆಗೆ ಬ್ರಿಟಿಷ್ ಇಂಡಿಯಾ ಸರ್ಕಾರದ ಅಧೀನದಲ್ಲಿತ್ತು. ಬಹರೈನ್ ದಿನಾರ್ 1965ರಲ್ಲಿ ಬರುವವರೆಗೆ ಪೇಟೆಯಲ್ಲಿ ಓಡಾಡಿದ್ದು ರೂಪಾಯಿಯೇ. ಹಾಗಾಗಿ ವ್ಯಾಪಾರ, ಸುಂಕ, ಪಾಸ್‌ಪೋರ್ಟು, ದೂರುಗಳ ಕಡತಗಳೆಲ್ಲ ಲಂಡನ್ನಿನ ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿ ಸೇರಿವೆ. ಅವುಗಳಲ್ಲಿ ದೊಡ್ಡ ಪಾಲು 2014ರಿಂದ ಕತಾರ್ ಡಿಜಿಟಲ್ ಲೈಬ್ರರಿಯಲ್ಲಿ ಉಚಿತವಾಗಿ ಓದಲು ಲಭ್ಯ. ಮನಾಮಾದ ಕೋಣೆಯಲ್ಲಿ ಕುಳಿತೇ ಮಾಡಬಹುದಾದ ಸಂಶೋಧನೆ ಅದು. ಪ್ರಸ್ತಾವನೆಯಲ್ಲಿ ಪ್ರಯಾಣದ ಖರ್ಚಿನ ಸಾಲು ಬೇಕಾಗದು.

384 ಎಂಬ ಮಂತ್ರ

ಸಂಶೋಧನಾ ವಿಧಾನದ ಭಾಗ ಬಂದಾಗ ಅನೇಕ ಪ್ರಸ್ತಾವನೆಗಳಲ್ಲಿ 384 ಎಂಬ ಸಂಖ್ಯೆ ಪ್ರತ್ಯಕ್ಷವಾಗುತ್ತದೆ. ಕ್ರೆಜ್ಸಿ ಮತ್ತು ಮಾರ್ಗನ್ 1970ರಲ್ಲಿ ಪ್ರಕಟಿಸಿದ ಕೋಷ್ಟಕದಿಂದ ಬಂದದ್ದು ಅದು. ಹತ್ತು ಲಕ್ಷ ಜನರಿರುವ ಸಮೂಹಕ್ಕೆ, ನೂರಕ್ಕೆ ಐದರಷ್ಟು ತಪ್ಪಿನ ಅಂತರ ಮತ್ತು ಶೇ. 95ರ ಭರವಸೆಯ ಮಟ್ಟಕ್ಕೆ, 384 ಮಂದಿಯ ಮಾದರಿ ಸಾಕು. ಸಮೂಹ ಸಾವಿರದ್ದಾದರೆ 278, ಐನೂರರದ್ದಾದರೆ 217. ಲೆಕ್ಕ ಸರಿಯೇ. ಆದರೆ ಸಮೂಹದ ಪ್ರತಿಯೊಬ್ಬರಿಗೂ ಆಯ್ಕೆಯಾಗುವ ಅವಕಾಶವಿದ್ದಾಗ ಮಾತ್ರ ಅದು ಸಲ್ಲುತ್ತದೆ. ಅದಕ್ಕೆ ಮೊದಲು ಪಟ್ಟಿಯೊಂದು ಬೇಕು.

ಬಹರೈನಿನಲ್ಲಿ ಕನ್ನಡ ಕುಟುಂಬಗಳ ಅಂಥ ಪಟ್ಟಿ ಇಲ್ಲ. 2020ರ ಜನಗಣತಿಯಂತೆ ದೇಶದ ಜನಸಂಖ್ಯೆ ಸುಮಾರು 15 ಲಕ್ಷ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಹೊರದೇಶದವರು. ಯಾರ ಮನೆಮಾತು ಯಾವುದು ಎಂಬುದು ಆ ಲೆಕ್ಕದಿಂದ ತಿಳಿಯುವುದಿಲ್ಲ. 1977ರಿಂದ ಇರುವ ಬಹರೈನ್ ಕನ್ನಡ ಸಂಘದ ಮನಾಮಾದ ಕನ್ನಡ ಭವನಕ್ಕೆ ಹೋಗಿ ಪ್ರಶ್ನಾವಳಿ ಹಂಚಬಹುದು. ಆಗ ಸಿಗುವುದು ಸಂಘಕ್ಕೆ ಬರುವ ಕುಟುಂಬಗಳ ಚಿತ್ರ. ಮಕ್ಕಳನ್ನು ಕನ್ನಡದ ಕಾರ್ಯಕ್ರಮಕ್ಕೆ ಕರೆತರುವ ಮನೆಯಲ್ಲಿ ಕನ್ನಡದ ಬಳಕೆ ಹೆಚ್ಚಿರುವುದು ಸಹಜ. ಅದನ್ನು ಬಹರೈನಿನ ಎಲ್ಲ ಕನ್ನಡಿಗರ ಚಿತ್ರವೆಂದು ಹೇಳುವಂತಿಲ್ಲ.

ಆದ್ದರಿಂದ ಇಂಥ ಪ್ರಶ್ನೆಗೆ 384 ಪ್ರಶ್ನಾವಳಿಗಿಂತ ಇಪ್ಪತ್ತು ಮನೆಗಳ ಆಳವಾದ ಸಂದರ್ಶನವೇ ಹೆಚ್ಚು ಒಪ್ಪುತ್ತದೆ. ಪರಿಚಯದವರಿಂದ ಪರಿಚಯ ಬೆಳೆಸುತ್ತ ಹೋದರೂ, ಆರಂಭದ ಕೊಂಡಿಗಳನ್ನು ಬೇರೆ ಬೇರೆ ಕಡೆಯಿಂದ ಹಿಡಿಯಬೇಕು: ಸಂಘದಿಂದ ಒಂದು, ಶಾಲೆಯ ಪೋಷಕರಿಂದ ಒಂದು, ಇಗರ್ಜಿ ಅಥವಾ ಮಸೀದಿಯ ಒಡನಾಟದಿಂದ ಒಂದು, ಯಾವ ಸಂಘಕ್ಕೂ ಹೋಗದ ಸಹೋದ್ಯೋಗಿಯಿಂದ ಒಂದು. ಕರಾವಳಿಯವರ ಮನೆಗಳಲ್ಲಿ ಕೊಂಕಣಿ, ಬ್ಯಾರಿ ಭಾಷೆಗಳೂ ಇರುವುದರಿಂದ ‘ಕನ್ನಡಿಗ’ ಎಂದರೆ ಯಾರು ಎಂಬುದನ್ನೂ ಪ್ರಸ್ತಾವನೆಯಲ್ಲೇ ವ್ಯಾಖ್ಯಾನಿಸಬೇಕು.

ಗಂಟೆಗಳ ಲೆಕ್ಕ

ವೇಳಾಪಟ್ಟಿಯನ್ನು ಕೊನೆಗೆ, ಕಾಟಾಚಾರಕ್ಕೆ, ‘ಮೊದಲ ಮೂರು ತಿಂಗಳು ದತ್ತಾಂಶ ಸಂಗ್ರಹ’ ಎಂದು ಬರೆಯುವುದು ವಾಡಿಕೆ. ದುಡಿಯುವ ವಿದ್ಯಾರ್ಥಿಗೆ ಅದು ಸಾಲದು. ಇಪ್ಪತ್ತು ಮನೆಗಳಲ್ಲಿ ತಲಾ ಒಂದು ಮಗು, ಒಬ್ಬ ಪೋಷಕರೊಡನೆ ಅರ್ಧರ್ಧ ಗಂಟೆ ಮಾತಾಡಿದರೆ ನಲವತ್ತು ಸಂದರ್ಶನ, ಇಪ್ಪತ್ತು ಗಂಟೆಗಳ ಧ್ವನಿಮುದ್ರಣ. ತುಳು, ಕನ್ನಡ, ಇಂಗ್ಲಿಷ್, ಹಿಂದಿ ಬೆರೆತ ಮಾತನ್ನು ಅಕ್ಷರಕ್ಕಿಳಿಸಲು ಗಂಟೆಗೆ ಆರು ಗಂಟೆ ಹಿಡಿದರೂ 120 ಗಂಟೆ. ಆಯ್ದ ಭಾಗಗಳ ಇಂಗ್ಲಿಷ್ ಅನುವಾದಕ್ಕೆ ಇನ್ನು 40. ಕಚೇರಿ ಮುಗಿಸಿ ಬಂದು ರಾತ್ರಿ ಎರಡು ಗಂಟೆಯಂತೆ ವಾರಕ್ಕೆ ಐದು ದಿನ ಕೂತರೆ ವಾರಕ್ಕೆ ಹತ್ತು ಗಂಟೆ. ಅಂದರೆ ಬರೆದುಕೊಳ್ಳುವುದಕ್ಕೇ ಹದಿನಾರು ವಾರ. ವಿಶ್ಲೇಷಣೆ ಆಮೇಲಿನ ಮಾತು.

ಸಂದರ್ಶನದ ದಿನಗಳಿಗೂ ಊರಿನ ಲಯವಿದೆ. ಬಹರೈನಿನಲ್ಲಿ ವಾರದ ರಜೆ ಶುಕ್ರವಾರ, ಶನಿವಾರ. ಖಾಸಗಿ ಕಂಪನಿಗಳ ಅನೇಕ ನೌಕರರಿಗೆ ಶುಕ್ರವಾರ ಮಾತ್ರ. ಇಪ್ಪತ್ತು ಮನೆಗಳಿಗೆ ಕನಿಷ್ಠ ಇಪ್ಪತ್ತು ಶುಕ್ರವಾರ ಬೇಕೆಂದು ಹಿಡಿಯುವುದೇ ಕ್ಷೇಮ. ಜುಲೈ–ಆಗಸ್ಟ್‌ನಲ್ಲಿ ಶಾಲೆಗೆ ರಜೆ. ಕುಟುಂಬಗಳು ಊರಿಗೆ ಹೊರಡುತ್ತವೆ. ಮಾರ್ಚ್ ಪರೀಕ್ಷೆಯ ತಿಂಗಳು. ರಂಜಾನ್ ತಿಂಗಳಲ್ಲಿ ಕೆಲಸದ ಹೊತ್ತೂ ಮನೆಯ ಹೊತ್ತೂ ಬದಲಾಗುತ್ತವೆ, ಅದು ವರ್ಷವರ್ಷಕ್ಕೆ ಹತ್ತು–ಹನ್ನೊಂದು ದಿನ ಹಿಂದೆ ಸರಿಯುತ್ತದೆ. ಏಪ್ರಿಲ್‌ನಿಂದ ಜೂನ್, ಸೆಪ್ಟೆಂಬರ್‌ನಿಂದ ಡಿಸೆಂಬರ್ ಎಂದು ಕ್ಷೇತ್ರಕಾರ್ಯವನ್ನು ಎರಡು ಕಂತಿನಲ್ಲಿ ಹಾಕಿಕೊಂಡ ಪ್ರಸ್ತಾವನೆಯನ್ನು ಓದಿದ ಸಮಿತಿಗೆ, ಬರೆದವರು ಊರನ್ನು ಬಲ್ಲರು ಎಂಬುದು ಬೇರೆ ಹೇಳದೆಯೇ ತಿಳಿಯುತ್ತದೆ.

ಒಪ್ಪಿಗೆ, ಗೋಪ್ಯತೆ

ಮನುಷ್ಯರನ್ನು ಕುರಿತ ಯಾವ ಸಂಶೋಧನೆಗೂ ನೈತಿಕ ಪರಿಶೀಲನೆ ಇದೆ. ವೈದ್ಯಕೀಯ ಸಂಶೋಧನೆಗೆ 1964ರ ಹೆಲ್ಸಿಂಕಿ ಘೋಷಣೆ ಅಡಿಪಾಯ. ಸಮಾಜ ವಿಜ್ಞಾನಗಳಲ್ಲೂ ಅದೇ ಹಾದಿಯ ನಿಯಮಗಳಿವೆ. ಭಾಗವಹಿಸುವವರಿಗೆ ಅರ್ಥವಾಗುವ ಭಾಷೆಯಲ್ಲಿ ವಿಷಯ ತಿಳಿಸಿ ಒಪ್ಪಿಗೆ ಪಡೆಯಬೇಕು. ಮಕ್ಕಳಾದರೆ ತಂದೆ–ತಾಯಿಯ ಸಹಿ ಬೇಕು, ಮಗುವಿನ ಸಮ್ಮತಿಯೂ ಬೇಕು. ಯಾವ ಹಂತದಲ್ಲಾದರೂ ಹಿಂದೆ ಸರಿಯಬಹುದೆಂಬುದು ಅವರಿಗೆ ಗೊತ್ತಿರಬೇಕು. ಇಂಗ್ಲಿಷಿನ ಒಪ್ಪಿಗೆ ಪತ್ರದ ಜತೆಗೆ ಕನ್ನಡದ ಪತ್ರವನ್ನೂ ಅನುಬಂಧದಲ್ಲಿ ಇಡುವುದು ಒಳ್ಳೆಯದು.

ಬಹರೈನಿನಲ್ಲಿ ಇದರ ಮೇಲೆ ಕಾನೂನಿನ ಕಟ್ಟೂ ಇದೆ. 2018ರ 30ನೇ ಕಾನೂನು ವೈಯಕ್ತಿಕ ದತ್ತಾಂಶದ ರಕ್ಷಣೆಗಾಗಿ ಬಂದು 2019ರ ಆಗಸ್ಟ್ 1ರಿಂದ ಜಾರಿಯಲ್ಲಿದೆ. ಜನಾಂಗ, ಧಾರ್ಮಿಕ ನಂಬಿಕೆ, ರಾಜಕೀಯ ಅಭಿಪ್ರಾಯ, ಆರೋಗ್ಯ ಮುಂತಾದವನ್ನು ಅದು ಸೂಕ್ಷ್ಮ ಮಾಹಿತಿ ಎಂದು ಗುರುತಿಸುತ್ತದೆ. ದತ್ತಾಂಶವನ್ನು ದೇಶದಾಚೆ ಕಳುಹಿಸುವುದಕ್ಕೂ ನಿಯಮ ಹಾಕುತ್ತದೆ. ಧ್ವನಿಮುದ್ರಣವನ್ನು ಟೈಪಿಂಗಿಗೆಂದು ಮಂಗಳೂರಿಗೆ ವಾಟ್ಸ್‌ಆ್ಯಪ್ ಮಾಡುವ ಮುನ್ನ ಇದನ್ನು ಯೋಚಿಸಬೇಕು. ಕಡತಗಳು ಎಲ್ಲಿರುತ್ತವೆ, ಹೆಸರುಗಳ ಬದಲು ಯಾವ ಸಂಕೇತ, ಎಷ್ಟು ವರ್ಷದ ಬಳಿಕ ಅಳಿಸಲಾಗುವುದು ಎಂಬ ಮೂರು ಸಾಲು ಪ್ರಸ್ತಾವನೆಯಲ್ಲಿ ಇರಲೇಬೇಕು.

ಕಾರ್ಮಿಕರನ್ನು ಕುರಿತ ಅಧ್ಯಯನದಲ್ಲಿ ಎಚ್ಚರ ಇನ್ನೂ ಹೆಚ್ಚು ಬೇಕು. ಬೇಸಿಗೆಯ ಮಧ್ಯಾಹ್ನ 12ರಿಂದ 4ರವರೆಗೆ ಬಯಲಿನಲ್ಲಿ ದುಡಿಸುವುದನ್ನು ಬಹರೈನ್ ನಿಷೇಧಿಸಿದೆ. ಅದರ ಪಾಲನೆಯ ಬಗ್ಗೆ ಕಾರ್ಮಿಕನೊಬ್ಬನನ್ನು ಮೇಸ್ತ್ರಿಯ ಎದುರಿಗೇ ಕೇಳಿದರೆ ಸಿಗುವ ಉತ್ತರಕ್ಕೆ ಬೆಲೆಯಿಲ್ಲ. ಅವನ ಕೆಲಸಕ್ಕೂ ಅದು ಅಪಾಯ. ಎಲ್ಲಿ, ಯಾರ ಮುಂದೆ ಕೇಳಲಾಗುವುದು ಎಂಬುದೂ ವಿಧಾನದ ಭಾಗವೇ.

ಊರಿನ ವಿಶ್ವವಿದ್ಯಾಲಯಕ್ಕೆ ಸಲ್ಲಿಸುವವರಿಗೆ

ಬಹರೈನಿನಲ್ಲಿದ್ದುಕೊಂಡು ಕರ್ನಾಟಕದ ವಿಶ್ವವಿದ್ಯಾಲಯದಲ್ಲಿ ಪಿಎಚ್‌.ಡಿ. ಮಾಡಬಯಸುವವರಿಗೆ ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2022ರ ನಿಯಮಾವಳಿ ಅನ್ವಯಿಸುತ್ತದೆ. ದೂರಶಿಕ್ಷಣ ಅಥವಾ ಆನ್‌ಲೈನ್ ಮೂಲಕ ಪಿಎಚ್‌.ಡಿ. ಪಡೆಯಲು ಅದು ಬಿಡುವುದಿಲ್ಲ. ಅರೆಕಾಲಿಕ ನೋಂದಣಿಗೆ ಅವಕಾಶವಿದೆ. ಅದಕ್ಕೆ ಉದ್ಯೋಗದಾತರ ನಿರಾಕ್ಷೇಪಣಾ ಪತ್ರ (ಎನ್‌ಒಸಿ) ಬೇಕು, ಕೋರ್ಸ್‌ವರ್ಕ್‌ಗೆ ಅಗತ್ಯವಾದರೆ ಬಿಡುವು ಕೊಡುವುದಾಗಿ ಅದರಲ್ಲಿ ಇರಬೇಕು. ಕನಿಷ್ಠ ಅವಧಿ ಮೂರು ವರ್ಷ, ಗರಿಷ್ಠ ಆರು. ವರ್ಷದ ರಜೆಯನ್ನೆಲ್ಲ ಕೋರ್ಸ್‌ವರ್ಕ್‌ಗೆ ತೆತ್ತರೆ ಕ್ಷೇತ್ರಕಾರ್ಯಕ್ಕೆ ಏನು ಉಳಿಯುತ್ತದೆ ಎಂದು ಮೊದಲೇ ಎಣಿಸಬೇಕು.

ಕೃತಿಚೌರ್ಯದ ಬಗ್ಗೆ 2018ರ ಯುಜಿಸಿ ನಿಯಮ ಸ್ಪಷ್ಟ. ಪ್ರಬಂಧದಲ್ಲಿ ಹೋಲಿಕೆ ಶೇ. 10ರವರೆಗಿದ್ದರೆ ದಂಡವಿಲ್ಲ, 10ರಿಂದ 40ರವರೆಗೆ ತಿದ್ದಿ ಸಲ್ಲಿಸಬೇಕು, 40ರಿಂದ 60 ಆದರೆ ಒಂದು ವರ್ಷ ಸಲ್ಲಿಸುವಂತಿಲ್ಲ, 60 ದಾಟಿದರೆ ನೋಂದಣಿಯೇ ರದ್ದು. ಈ ಅಭ್ಯಾಸ ಕೈಗೆ ಹತ್ತಬೇಕಾದದ್ದು ಪ್ರಸ್ತಾವನೆಯ ಹಂತದಲ್ಲೇ. ಓದುತ್ತ ಟಿಪ್ಪಣಿ ಮಾಡುವಾಗ ಲೇಖಕರ ಮಾತು ಯಾವುದು, ತನ್ನ ಮಾತು ಯಾವುದು ಎಂದು ಬೇರ್ಪಡಿಸಿ ಬರೆದುಕೊಂಡರೆ ಅರ್ಧ ತೊಂದರೆ ಹುಟ್ಟುವುದೇ ಇಲ್ಲ.

ಗೈಡ್ ಆಯ್ಕೆಯಲ್ಲೂ ಪ್ರಸ್ತಾವನೆಯೇ ಪರಿಚಯಪತ್ರ. ಪ್ರಾಧ್ಯಾಪಕರ ಇತ್ತೀಚಿನ ಎರಡು ಮೂರು ಲೇಖನಗಳನ್ನು ಓದಿ, ತನ್ನ ಪ್ರಶ್ನೆ ಅವರ ಕೆಲಸಕ್ಕೆ ಎಲ್ಲಿ ತಾಗುತ್ತದೆ ಎಂದು ಒಂದು ಪುಟದಲ್ಲಿ ಬರೆದು ಕಳುಹಿಸುವುದು ಉಪಯುಕ್ತ. ಹತ್ತು ಮಂದಿಗೆ ಒಂದೇ ಇ-ಮೇಲ್ ಕಳುಹಿಸಿದವರಿಗೆ ಉತ್ತರ ಬರುವುದು ಅಪರೂಪ.

ಸಮಿತಿಯ ಮುಂದೆ

ಪ್ರಸ್ತಾವನೆಯ ಅಂಗಗಳು ಎಲ್ಲೆಡೆ ಹೆಚ್ಚುಕಡಿಮೆ ಒಂದೇ: ಶೀರ್ಷಿಕೆ, ಹಿನ್ನೆಲೆ, ಸಮಸ್ಯೆಯ ನಿರೂಪಣೆ, ಪ್ರಶ್ನೆ ಮತ್ತು ಉದ್ದೇಶಗಳು, ಪೂರ್ವಾಧ್ಯಯನ ಸಮೀಕ್ಷೆ, ವಿಧಾನ, ನೈತಿಕ ಅಂಶಗಳು, ಮಿತಿಗಳು, ವೇಳಾಪಟ್ಟಿ, ಆಕರಗಳು. ಎಷ್ಟು ಪುಟ, ಯಾವ ಉಲ್ಲೇಖ ಪದ್ಧತಿ ಎಂಬುದು ಆಯಾ ವಿಭಾಗದ ಕೈಪಿಡಿಯಲ್ಲಿರುತ್ತದೆ. ಬರೆದು ಮುಗಿದ ಮೇಲೆ ಒಂದು ಸರಳ ಪರೀಕ್ಷೆ ಮಾಡಬಹುದು. ಪ್ರತಿ ಉದ್ದೇಶದ ಎದುರಿಗೆ ಅದಕ್ಕೆ ಬೇಕಾದ ದತ್ತಾಂಶ, ಅದನ್ನು ಪಡೆಯುವ ವಿಧಾನ, ತಗಲುವ ವಾರಗಳು, ಬೇಕಾದ ಅನುಮತಿ ಎಂದು ನಾಲ್ಕು ಕಾಲಂ ಎಳೆಯುವುದು. ಯಾವ ಕಾಲಂ ಖಾಲಿ ಉಳಿಯುತ್ತದೋ ಸಮಿತಿಯ ಪ್ರಶ್ನೆ ಅಲ್ಲಿಂದಲೇ ಬರುತ್ತದೆ.

ಮಿತಿಗಳನ್ನು ಬಚ್ಚಿಡುವುದರಿಂದ ಲಾಭವಿಲ್ಲ. ಇಪ್ಪತ್ತು ಮನೆಗಳ ಅಧ್ಯಯನ ಇಡೀ ಸಮುದಾಯದ ಮೇಲೆ ತೀರ್ಪು ಕೊಡಲಾರದು. ಸಂದರ್ಶಕರೂ ಅದೇ ಸಮುದಾಯದವರಾದರೆ ಪರಿಚಯದ ಅನುಕೂಲದೊಡನೆ ಮುಲಾಜೂ ಬರುತ್ತದೆ. ಇದನ್ನು ತಾನೇ ಹೇಳಿ, ಅದರ ಪ್ರಭಾವ ತಗ್ಗಿಸಲು ಏನು ಮಾಡಲಾಗುವುದು ಎಂದೂ ಬರೆದವರನ್ನು ಸಮಿತಿ ನಂಬುತ್ತದೆ. ತಿದ್ದುಪಡಿ ಸೂಚಿಸಿ ಹಿಂದಿರುಗಿಸುವುದು ಸಾಮಾನ್ಯ ಕ್ರಮ. ಶೀರ್ಷಿಕೆ ಕಿರಿದು ಮಾಡಿ, ಮಾದರಿ ಬದಲಿಸಿ, ಒಂದು ಉದ್ದೇಶ ಬಿಡಿ ಎಂಬಂಥ ಸೂಚನೆಗಳು ಕೆಲಸವನ್ನು ಹಗುರಗೊಳಿಸುವಂಥವೇ.

ಒಪ್ಪಿಗೆ ಸಿಕ್ಕ ಪ್ರಸ್ತಾವನೆ ಕಪಾಟಿಗೆ ಹೋಗುವುದಿಲ್ಲ. ಅದರ ಹಿನ್ನೆಲೆ ಮತ್ತು ಸಮೀಕ್ಷೆಯ ಭಾಗಗಳು ಬೆಳೆದು ಮಹಾಪ್ರಬಂಧದ ಮೊದಲ ಅಧ್ಯಾಯಗಳಾಗುತ್ತವೆ. ವಿಧಾನದ ಭಾಗದಲ್ಲಿ ‘ಸಂದರ್ಶಿಸಲಾಗುವುದು’, ‘ಹೋಲಿಸಲಾಗುವುದು’ ಎಂದಿದ್ದ ಕ್ರಿಯಾಪದಗಳು ‘ಸಂದರ್ಶಿಸಲಾಯಿತು’, ‘ಹೋಲಿಸಲಾಯಿತು’ ಎಂದಾಗುತ್ತವೆ. ಇಪ್ಪತ್ತು ಶುಕ್ರವಾರ, ಹದಿನಾರು ವಾರ ಎಂಬ ಲೆಕ್ಕ ಮೊದಲೇ ಸರಿಯಿದ್ದರೆ, ಅಲ್ಲಿ ತಿದ್ದಬೇಕಾದದ್ದು ಬಹುಮಟ್ಟಿಗೆ ಈ ಕ್ರಿಯಾಪದಗಳನ್ನಷ್ಟೇ.